ಬಿಳಿ ಕೊಂಡಿ

ಸಿದ್ದಾಪುರದಲ್ಲಿ ಒಣಮೀನು ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ
ಒಂದು ಬಾಗಿಲಗಲದ ಜಾಗ, ಮೊಯ್ದು ಕಾಕನ ರಿಪೇರಿ.
ನಲವತ್ತೇಳನೇ ವಯಸ್ಸಿಗೆ
ನಾನಲ್ಲಿ ಹೊಸದಾಗಿ ಸೇರಿದ ಹುಡುಗ.

ಮೇಜಿನ ಮೇಲೆ ನಮ್ಮದೇ ಸೋಲಾರ್ ಬೇಲಿಯ ಪೆಟ್ಟಿಗೆ.
ಮುಚ್ಚಳ ತೆಗೆದರೆ ಇರುವೆಮಣ್ಣು, ಒಣಗಿದ ಒಂದು ಹಲ್ಲಿ,
ಹಸಿರು ಬೋರ್ಡು. ಅದರ ಅಂಚಿಗೆ ಕೂತ
ಐದು ಬಿಳಿ ಕೊಂಡಿ, ಹಾಲುಹಲ್ಲಿನಷ್ಟು ಚಿಕ್ಕವು,
ಒಂದೊಂದರ ಬಾಯಲ್ಲೂ ಎರಡೋ ಮೂರೋ ವೈರು.

ಕಳೆದ ಸಲ ಮೈಸೂರಿನಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ
ನಾಲ್ಕು ದಿನವಾಗಿತ್ತು. ಬಾಳೆ ಇರಲಿಲ್ಲ,
ನೀರಿನ ಪೈಪು ಇರಲಿಲ್ಲ,
ಕಳದ ಮೂಲೆಯಲ್ಲಿ ಬುಟ್ಟಿಯಗಲದ ನಾಲ್ಕು ಹೆಜ್ಜೆ ಇದ್ದವು.

“ಬ್ಯಾಟರಿ ಕಳಚಿದೆ ಅಂತ ಧೈರ್ಯ ಬೇಡ, ಚೋಂದಮ್ಮ.
ಈ ದಪ್ಪ ಕೆಪಾಸಿಟರ್ ಸತ್ತ ಮೇಲೂ ಕಚ್ಚುವ ಜಾತಿ.”
ಕಾಕ ಅದರ ಎರಡು ಕಾಲಿಗೆ ಹಳೇ ಬಲ್ಬೊಂದನ್ನು ತಾಗಿಸಿದರು.
ಬಲ್ಬು ಒಮ್ಮೆ ಕಣ್ಣು ಬಿಟ್ಟಿತು,
ಯಾರನ್ನೂ ಗುರುತಿಸದೆ ಮುಚ್ಚಿತು.
“ಈಗ ಬಿಚ್ಚಿ.”

ಮೊದಲನೆಯದನ್ನು ವೈರು ಹಿಡಿದೇ ಎಳೆದೆ.
ಕೆಂಪು ವೈರು ಕೈಗೆ ಬಂತು, ತುದಿಯಲ್ಲಿ ನಾಲ್ಕೆಳೆ ತಾಮ್ರ.
ಕೊಂಡಿ ಕೂತಲ್ಲೇ ಕೂತಿತ್ತು.

ಕಾಕ ಬೈಯಲಿಲ್ಲ. ಚಾ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು,
“ತೋಟದಲ್ಲಿ ಜಿಗಣೆ ಹತ್ತಿದರೆ ಹೇಗೆ ಬಿಡಿಸ್ತೀರಿ?” ಅಂದರು.
ಎಳೆಯಬಾರದು, ಅಂದೆ. ಉಗುರನ್ನು ಬಾಯಿಯ ಪಕ್ಕ ಇಟ್ಟು
ಮೆಲ್ಲಗೆ ಜಾರಿಸಬೇಕು. ಎಳೆದರೆ ಗಾಯ ವಾರ ತುರಿಸುತ್ತೆ.
“ಗೊತ್ತುಂಟಲ್ಲ. ಇದಕ್ಕೂ ಬಾಯಿ ಉಂಟು, ಹುಡುಕಿ.”

ಕನ್ನಡಕ ಏರಿಸಿದೆ, ಇಳಿಸಿದೆ, ಟಾರ್ಚು ಹಿಡಿದೆ.
ಇತ್ತು. ಬಿಳಿಯ ಮೇಲೆ ಬಿಳಿಯಾಗಿ, ಕಂಡೂ ಕಾಣದ ಒಂದು ನಾಲಗೆ,
ಆಚೆಯ ಗೂಟಕ್ಕೆ ಕಚ್ಚಿಕೊಂಡು.
ಉಗುರಿನಿಂದ ಅದನ್ನು ಒತ್ತಿ, ಮೈ ಹಿಡಿದು,
ಅತ್ತ ಚೂರು ಇತ್ತ ಚೂರು ಅಲುಗಿಸಿದರೆ
ಟಕ್.
ಅಷ್ಟು ಸಣ್ಣ ಸದ್ದಿಗೆ ನಾನು ಅಷ್ಟೊಂದು ನಗಬಾರದಿತ್ತು,
ಟೈಲರ್ ಹೊಲಿಗೆ ನಿಲ್ಲಿಸಿ ಇಣುಕಿದ.

ಮೂರನೆಯದಕ್ಕೆ ಕಂಪನಿಯವರು ಗಮ್ಮು ಸುರಿದಿದ್ದರು,
ಹಲಸಿನ ಮೇಣದ ಹಾಗೆ ಗಟ್ಟಿ.
ಹಲಸಿಗೆ ಕೊಬ್ಬರಿ ಎಣ್ಣೆ ಅಲ್ಲವೇ, ಅಂತ ಬಾಟಲಿ ಕೇಳಿದೆ.
ಕಾಕನ ಮುಖ ನೋಡಬೇಕಿತ್ತು.
ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಕೊಟ್ಟರು, ಕಾಯಲು ಹೇಳಿದರು.
ಕಾಯುವಾಗ ಒಣಮೀನಿನ ವಾಸನೆ,
ಗೋಣಿಕೊಪ್ಪದ ಬಸ್ಸು ಎರಡು ಹೋದವು.

ಬಿಚ್ಚುವ ಮುಂಚೆ ಪ್ರತಿಯೊಂದರ ಚಿತ್ರ ಬರೆದಿದ್ದೆ,
ಕುಯ್ಲಿನವರ ತೂಕದ ಪುಸ್ತಕದ ಕೊನೇ ಹಾಳೆಯಲ್ಲಿ.
ಬೊಳ್ಳಿ ಅರವತ್ತೆರಡು ಕಿಲೋ, ಚುಬ್ರ ಎಂಬತ್ತು,
ಅದರ ಬೆನ್ನಿಗೇ ಕೆಂಪು ಎಡಕ್ಕೆ, ಕಪ್ಪು ಬಲಕ್ಕೆ,
ಹಳದಿ ಎಲ್ಲಿಗೋ, ಒಂದು ಪ್ರಶ್ನೆಚಿಹ್ನೆ.
ಆ ಚಿಹ್ನೆಯೇ ಸಂಜೆಯ ತನಕ ನಮ್ಮಿಬ್ಬರನ್ನೂ ಕೂರಿಸಿತು.

ಹಲ್ಲಿ ತೆಗೆದು, ಸುಟ್ಟ ತುಂಡು ಬದಲಿಸಿ,
ಕಿತ್ತ ವೈರಿಗೆ ಬೆಸುಗೆ ಹಾಕಿ, ಒಂದೊಂದೇ ಕೂರಿಸಿ
ಬ್ಯಾಟರಿ ಕೊಟ್ಟಾಗ ಪೆಟ್ಟಿಗೆ ಅಂದಿತು: ಟಿಕ್.
ಒಂದು ಉಸಿರು. ಟಿಕ್.
ನಾನು ಕಾಕನ ಮುಖ ನೋಡಿದೆ, ಶಹಬ್ಬಾಸ್ ಬರುತ್ತೆ ಅಂತ.
ಅವರು ಬ್ಯಾಟರಿ ಕಳಚಿದರು, ಬಲ್ಬು ತಾಗಿಸಿದರು.
“ಇನ್ನೊಂದು ಸಲ ಪೂರ್ತಿ ಬಿಚ್ಚಿ. ಪುಸ್ತಕ ಮುಚ್ಚಿಟ್ಟು.”

ರಾತ್ರಿ ಎಂಟಕ್ಕೆ ಪೆಟ್ಟಿಗೆ ಅದರ ಗೋಡೆಗೆ ಸೇರಿತು.
ನಮ್ಮ ಮನೆಯಲ್ಲಿ ಆ ಸದ್ದಿಗೆ ಯಾರೂ ಏಳುವುದಿಲ್ಲ,
ನಿಂತರೆ ಏಳುತ್ತೇವೆ.
ಆಚೆ ಬಿದಿರುಮೆಳೆಯಲ್ಲಿ ಏನೋ ಮುರಿಯಿತು,
ಸ್ವಲ್ಪ ಹೊತ್ತು ನಿಂತಿತು,
ಕೆರೆಯ ಕಡೆಗೆ ಹೋಯಿತು.

ನಡುರಾತ್ರಿ ಮಾಚಯ್ಯ ನನ್ನ ಕೈ ತಳ್ಳಿ ಕೇಳಿದರು,
“ಏನೇ ಅದು, ನಿದ್ದೆಯಲ್ಲಿ ಹೀಗೆ ಚಿವುಟುವುದು?”
ಹೆಬ್ಬೆರಳು ಇನ್ನೂ ಆ ನಾಲಗೆಯನ್ನು ಹುಡುಕುತ್ತಿತ್ತು.